ಕೆರೆಗೆ ಪೆಂಗ್ವಿನ್ ಬಂತು, ಗೊರವ ಹೋಯ್ತು

ಅಂತೂ ಕೆರೆ ಅಭಿವೃದ್ಧಿ ಆಯಿತು. ಟೇಪು ಕತ್ತರಿಸಿದ ಫೋಟೊ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ, ಅದನ್ನೇ ಮತ್ತೆ ಹೇಳುವುದಿಲ್ಲ. ಯಾವ ಕೆರೆ ಅಂತಲೂ ಕೇಳಬೇಡಿ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಯಾವ ಊರಿನವರು ಓದಿದರೂ ‘ಅಯ್ಯೋ, ಇದು ನಮ್ಮ ಕೆರೆಯದೇ’ ಅಂದುಕೊಳ್ಳಬೇಕು, ಹಾಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಕೆಲಸ. ನಾಲ್ಕೂ ಕಡೆ ಕಲ್ಲು ಪಿಚಿಂಗು, ಅದರ ಮೇಲೆ ಇಂಟರ್‌ಲಾಕ್ ಹಾಸಿದ ವಾಕಿಂಗ್ ಪಾತು, ಚೈನ್‌ಲಿಂಕ್ ಬೇಲಿ, ತುಕ್ಕು ಹಿಡಿಯಲು ಕಾದು ನಿಂತ ಓಪನ್ ಜಿಮ್ಮು, ಊರ ಹೆಸರಿನ ಮುಂದೆ ‘ಐ ಲವ್’ ಅಂತ ಸೇರಿಸಿದ ಕೆಂಪು ಅಕ್ಷರಗಳು, ನಡುನೀರಿನಲ್ಲಿ ಕಾರಂಜಿ.

ಹಕ್ಕಿಗಳನ್ನು ಮರೆತರು ಅಂತ ಮಾತ್ರ ಯಾರೂ ದೂರುವ ಹಾಗಿಲ್ಲ. ದಂಡೆಯಲ್ಲಿ ಎರಡು ಫ್ಲೆಮಿಂಗೊ, ಮೂರು ಕೊಕ್ಕರೆ, ಒಂದು ನವಿಲು, ಎಲ್ಲವೂ ಸಿಮೆಂಟಿನವು. ನಮ್ಮ ರಾಜ್ಯದ ಹಕ್ಕಿ ನೀಲಕಂಠವನ್ನೂ ಮಾಡಿದ್ದಾರೆ. ಬಣ್ಣ ಬಳಿಯುವವರ ಕೈಯಲ್ಲಿ ಅದು ಮಿಂಚುಳ್ಳಿಗೂ ಗಿಳಿಗೂ ಹುಟ್ಟಿದ ಕೂಸಿನಂತಾಗಿದೆ ಅಷ್ಟೆ. ಹಳೇಬೀಡಿನ ಗುಡಿಯ ಗೋಡೆಯ ಬುಡದಲ್ಲಿ ಹೊಯ್ಸಳರ ಶಿಲ್ಪಿಗಳು ಹಂಸಗಳನ್ನು ಸಾಲಾಗಿ ಕೆತ್ತಿದ್ದಾರೆ. ಆ ರಾಜಧಾನಿಗೆ ದೋರಸಮುದ್ರ ಅಂತ ಕೆರೆಯ ಹೆಸರನ್ನೇ ಇಟ್ಟಿದ್ದರು. ಆದರೆ ಕಲ್ಲಿನ ಹಕ್ಕಿಯನ್ನು ಗುಡಿಯ ಗೋಡೆಗೆ ಹಚ್ಚಿ, ಕೆರೆಯನ್ನು ಜೀವದ ಹಕ್ಕಿಗೆ ಬಿಡುವಷ್ಟು ಹಳೆಕಾಲದ ಬುದ್ಧಿ ಅವರದು. ಡಿಪಿಆರ್ ಅನ್ನುವ ಯೋಜನಾ ವರದಿ ಮಾಡಿಸಿರಲಿಲ್ಲವಲ್ಲ, ಪಾಪ.

ಇವೆಲ್ಲದರ ನಡುವೆ ಕಣ್ಣಿಗೆ ಹಬ್ಬ ಅಂದರೆ ಪೆಂಗ್ವಿನ್. ಐವತ್ತು ಹೆಜ್ಜೆಗೊಂದರಂತೆ ಬಾಯಿ ಕಳೆದು ನಿಂತಿದೆ, ಹೊಟ್ಟೆಯ ಮೇಲೆ ‘ನನ್ನನ್ನು ಬಳಸಿ’ ಅಂತ ಬರೆಸಿಕೊಂಡು. ವಲಸೆ ಹಕ್ಕಿ ಅಂದರೆ ಇದಪ್ಪಾ! ದಕ್ಷಿಣ ಧ್ರುವದ ಕಡೆಯಿಂದ ಹೊರಟು, ಹಾರಲು ಬಾರದ ಕಾರಣ ಲಾರಿ ಹತ್ತಿ, ಹಾಸನದ ಸೀಮೆಗೆ ಬಂದು ಇಳಿದು, ಬೇಸಿಗೆ ಬಂದರೂ ವಾಪಸು ಹೋಗದೆ ನಿಂತ ಒಂದೇ ಒಂದು ಪಕ್ಷಿ. ಆಹಾರವೂ ಇಲ್ಲಿಯದಕ್ಕೇ ಒಗ್ಗಿಹೋಗಿದೆ: ಗುಟ್ಕಾ ಪ್ಯಾಕೆಟ್ಟು, ಚುರುಮುರಿ ಪೊಟ್ಟಣ, ನೀರಿನ ಬಾಟಲಿ. ಹೊಟ್ಟೆ ಖಾಲಿ ಮಾಡಿಸಲು ಯಾರೂ ಬಾರದೆ ಗಂಟಲ ಮಟ್ಟ ತುಂಬಿಕೊಂಡು ಕಕ್ಕುತ್ತಿರುತ್ತದೆ.

‘ಎಲ್ಲಾ ಸರಿ, ಗೊರವ ಎಲ್ಲಿ?’ ಅಂತ ಹಕ್ಕಿ ನೋಡುವ ಹುಚ್ಚಿನವರು ಯಾರಾದರೂ ಉದ್ಘಾಟನೆಯ ದಿನ ಕೇಳಿದ್ದರೆ ಉತ್ತರ ತಯಾರಿತ್ತು. ‘ಅಗಳಿ ಸಾರ್, ಬಂದವ್ರಲ್ಲ!’ ಕರಡಿ ಕೂದಲಿನ ಟೋಪಿ, ಕೈಯಲ್ಲಿ ಡಮರುಗ, ಗೊರವರ ಕುಣಿತದ ತಂಡ ಶಾಸಕರ ಮುಂದೆ ಕುಣಿಯುತ್ತಿತ್ತು. ಕುಣಿತ ಚೆನ್ನಾಗಿಯೇ ಇತ್ತು, ಮೈಲಾರಲಿಂಗನ ಒಕ್ಕಲಿನ ಮೇಲೆ ಯಾರಿಗೂ ದೂರಿಲ್ಲ. ಆದರೆ ಕೇಳಿದ್ದು ಇನ್ನೊಂದು ಗೊರವ.

ಆ ಗೊರವ ಒಂದೇ ಹಕ್ಕಿಯಲ್ಲ, ಕೆಸರಿನಲ್ಲಿ ಮೇಯುವ ಹಕ್ಕಿಗಳ ದೊಡ್ಡ ಬಳಗ. ಗದ್ದೆ ಗೊರವ ಅನ್ನುವುದು 60-70 ಗ್ರಾಂ ತೂಗುತ್ತದೆ, ಸುಮಾರಾಗಿ ಒಂದು ಕೋಳಿಮೊಟ್ಟೆಯಷ್ಟು. ಹುಟ್ಟೂರು ಸೈಬೀರಿಯಾ, ಉತ್ತರ ಯುರೋಪಿನ ಜೌಗು. ಸ್ಟಿಂಟ್ ಎಂಬ ಪುಟಾಣಿ ಇನ್ನೂ ಹಗುರ, 25 ಗ್ರಾಂ ಆಸುಪಾಸು, ಆರ್ಕ್ಟಿಕ್ಕಿನ ಮರವಿಲ್ಲದ ಬಯಲಿನಲ್ಲಿ ಮೊಟ್ಟೆಯೊಡೆದ ಜೀವ. ಮಳೆ ಹಿಂದಾಗುವ ಹೊತ್ತಿಗೆ ಇಲ್ಲಿಗಿಳಿದು ಏಪ್ರಿಲ್ ಹೊತ್ತಿಗೆ ಹೊರಡುತ್ತವೆ. ಇಷ್ಟು ದೂರ ಬರುವುದು ಈಜಲಿಕ್ಕಲ್ಲ, ಕೆಸರಿಗೆ ಕೊಕ್ಕು ಚುಚ್ಚಿ ಕೆಂಪು ದಾರದ ತುಂಡಿನಂಥ ಹುಳು, ಪುಟ್ಟ ಬಸವನಹುಳು ಹೆಕ್ಕಲಿಕ್ಕೆ. ಹಾಗಾಗಿ ಗೊರವದ ಕಾಲು ಎಷ್ಟುದ್ದವೋ ಅದರ ಕೆರೆ ಅಷ್ಟೇ ಆಳ. ಸ್ಟಿಂಟಿಗೆ ಎರಡು ಮೂರು ಸೆಂಟಿಮೀಟರ್ ನೀರು, ಗದ್ದೆ ಗೊರವಕ್ಕೆ ಐದಾರು. ಬಿಳಿಹುಬ್ಬಿನ ಬಾತು ಬಾಲ ಮೇಲೆ ಮಾಡಿ ಕತ್ತು ಕೆಳಗೆ ಚಾಚಿ ಮೇಯುವ ಜಾತಿ, ಅದಕ್ಕೆ ಒಂದಡಿಯ ಒಳಗಿರಬೇಕು. ಅದರಾಚೆಗೆ ಮುಳುಗು ಹಾಕುವವರ ರಾಜ್ಯ, ಗುಳುಮುಳುಕ ಮತ್ತು ನೀರುಕಾಗೆ. ಐದಡಿ ನೀರು ಗೊರವದ ಪಾಲಿಗೆ ಡಾಂಬರು ರಸ್ತೆಗೆ ಸಮ.

ಹಳೆಯ ಕೆರೆಗೆ ಏರಿ ಇರುತ್ತಿದ್ದುದು ಒಂದೇ ಕಡೆ. ಏರಿಯ ಹತ್ತಿರ ಆನೆ ಮುಳುಗುವ ಆಳ, ಹಿಂದಕ್ಕೆ ಹೋದ ಹಾಗೆ ತೊಡೆಮಟ್ಟ, ಮೊಣಕಾಲುದ್ದ, ಹಿಮ್ಮಡಿ ನೆನೆಯುವಷ್ಟು, ಕೊನೆಗೆ ನೀರೋ ಹುಲ್ಲೋ ಗೊತ್ತಾಗದ ಅಂಗಳ. ಸಾರು ಬಡಿಸಿದ ತಟ್ಟೆಯನ್ನು ಒಂದು ಕಡೆ ಓರೆ ಮಾಡಿದರೆ ಹೇಗಿರುತ್ತದೋ ಹಾಗೆ. ಸಖರಾಯಪಟ್ಟಣದ ಅಯ್ಯನಕೆರೆಯಾಗಲಿ, ಕಡೂರಿನ ಮದಗದ ಕೆರೆಯಾಗಲಿ, ಊರೊಟ್ಟಿನ ಸಣ್ಣ ಕಟ್ಟೆಯಾಗಲಿ, ಲೆಕ್ಕ ಇದೇ. ಬೆಳೆಗೆ ನೀರು ಬಿಡಲು ತೂಬು ಎತ್ತಿದರೆ ಮಟ್ಟ ದಿನಕ್ಕಿಷ್ಟು ಇಳಿಯುತ್ತಿತ್ತು. ಅಂಗಳ ನೂರಕ್ಕೆ ಒಂದರ ಓರೆಯಲ್ಲಿದ್ದರೆ, ನೀರು ಒಂದು ಗೇಣು ಇಳಿದಾಗ ದಂಡೆಯಲ್ಲಿ ಹತ್ತು ಹನ್ನೆರಡು ಮಾರು ಹೊಸ ಕೆಸರು ಬಾಯ್ತೆರೆಯುತ್ತದೆ. ವಾರಕ್ಕೊಮ್ಮೆ ಹೊಸ ಎಲೆ ಹಾಕಿ ಹೊಸ ಊಟ ಬಡಿಸಿದ ಹಾಗೆ, ಫೆಬ್ರುವರಿಯ ತನಕ. ನೀರುಗಂಟಿ ತನಗೇ ತಿಳಿಯದೆ ಒಂದು ಪಕ್ಷಿಧಾಮದ ಮ್ಯಾನೇಜರಿಕೆ ಮಾಡುತ್ತಿದ್ದ. ಸಂಬಳ ಮಾತ್ರ ವರ್ಷಕ್ಕಿಷ್ಟು ಭತ್ತ.

ಅದೇ ಒಂದು ಗೇಣು ನೀರು ಈಗ ಒಂದಕ್ಕೆರಡರ ಇಳಿಜಾರಿನ ಕಲ್ಲು ಪಿಚಿಂಗಿನ ಮೇಲೆ ಇಳಿದರೆ ಹೊರಗೆ ಬೀಳುವುದು ಒಂದು ಮೊಳ ಕಲ್ಲು. ಗೊರವ ಅಲ್ಲಿ ಏನನ್ನು ಕುಟ್ಟಬೇಕು, ಸಿಮೆಂಟು ಪಾಯಿಂಟಿಂಗನ್ನೇ?

ಹೂಳೆತ್ತುವುದು ಬೇಡ ಅಂತ ಯಾರೂ ಅನ್ನಲಿಲ್ಲ. ಹೂಳು ತುಂಬಿದರೆ ಅಚ್ಚುಕಟ್ಟಿನ ಗದ್ದೆಗೂ ಕಷ್ಟ, ಬೋರ್‌ವೆಲ್‌ಗೂ ಕಷ್ಟ. ಆದರೆ ಎತ್ತುವ ಜಾಗ ಯಾವುದು? ಹೂಳು ತೆಗೆದು ನೀರು ನಿಲ್ಲಿಸಬೇಕಾದ್ದು ಏರಿಯ ಕಡೆ. ಅಲ್ಲೂ ಏರಿಯ ಬುಡ ಸಡಿಲವಾಗದ ಹಾಗೆ ಒಂದಿಷ್ಟು ದೂರ ಬಿಟ್ಟು ತೋಡಬೇಕು. ಆದರೆ ಅಲ್ಲಿ ಮೇ ತಿಂಗಳವರೆಗೂ ಹಸಿ. ಹಿಟಾಚಿ ಇಳಿಸಿದರೆ ಹೂತುಕೊಳ್ಳುತ್ತದೆ, ಟಿಪ್ಪರ್ ಮೇಲೆ ಬರುವುದಿಲ್ಲ, ಡೀಸೆಲ್ ದುಪ್ಪಟ್ಟು. ಹಿಂಭಾಗದ ಅಂಗಳ ಅದಕ್ಕೆ ಎಷ್ಟೋ ಮೊದಲೇ ಒಣಗಿ ರಸ್ತೆಯಂತಾಗಿರುತ್ತದೆ. ಕೆಲಸದ ಅಳತೆ ದಾಖಲಿಸುವ ಎಂ.ಬಿ. ಪುಸ್ತಕದಲ್ಲಿ ಬರೆಯುವುದು ಘನಮೀಟರ್ ಲೆಕ್ಕ, ಯಾವ ಮೂಲೆಯದು ಅಂತ ಬಿಲ್ಲು ಕೇಳುವುದಿಲ್ಲ. ಮೇಲಾಗಿ ಅಂಗಳದ ಮಣ್ಣಿಗೆ ಲೇಔಟಿನವರು, ಇಟ್ಟಿಗೆ ಗೂಡಿನವರು ಸರತಿಯಲ್ಲಿ ನಿಂತಿರುತ್ತಾರೆ. ಹಾಗಾಗಿ ಸಂಭಾಷಣೆ ಪ್ರತಿ ಊರಲ್ಲೂ ಹೀಗೇ ನಡೆಯುತ್ತದೆ:

‘ಹಿಂದ್ಗಡೆ ಅಂಗ್ಳ ತೋಡ್ಬ್ಯಾಡಿ ಸಾರ್, ಹಕ್ಕಿ ಇಳಿಯೋ ಜಾಗ ಅದು. ದನಾನೂ ಮೇಯ್ತವೆ.’

‘ಗೌಡ್ರೇ, ಕೆರೆ ಅಂದ್ಮೇಲೆ ನೀರು ನಿಲ್ಬೇಕೋ ಬೇಡ್ವೋ?’

‘ನಿಲ್ಲೋದು ಏರಿ ಕಡೆ ಅಲ್ವಾ ಸಾರ್.’

‘ಎಸ್ಟಿಮೇಟಲ್ಲಿ ಎಲ್ಲಾ ಕಡೆ ಮೂರು ಮೀಟರ್ ಅಂತಿದೆ.’

ಗೌಡರು ಸುಮ್ಮನಾಗುತ್ತಾರೆ. ಓರೆ ತಟ್ಟೆ ಹೋಗಿ ಕೊಪ್ಪರಿಗೆ ಬರುತ್ತದೆ. ಕೊಪ್ಪರಿಗೆಗೆ ಅಂಚು ಬೇಕಲ್ಲ, ಸುತ್ತಲೂ ಏರಿ ಬರುತ್ತದೆ. ಹೊಲದಿಂದ ತಾನಾಗಿ ಹರಿದು ಬರುತ್ತಿದ್ದ ಮಳೆನೀರು ಈಗ ಎರಡಡಿ ಪೈಪಿನಲ್ಲಿ ನುಸುಳಿ ಬರಬೇಕು. ಮೊದಲ ಮಳೆಗೇ ಪೈಪಿಗೆ ಪ್ಲಾಸ್ಟಿಕ್ ಸಿಕ್ಕಿಕೊಂಡು ಹೊಲ ಕೆರೆಯಾಗುತ್ತದೆ, ಕೆರೆ ಹೊಲವಾಗುತ್ತದೆ. ‘ಸ್ವಚ್ಛತೆ’ ಅಂತ ಜೊಂಡು ಕಿತ್ತರು. ಅಂತರಗಂಗೆ ಕೀಳಿ, ಪುಣ್ಯ ಬರುತ್ತದೆ, ನೀರಿನ ಉಸಿರು ಕಟ್ಟಿಸುವ ಕಳೆ ಅದು. ಆದರೆ ಜೊಂಡು, ಆಪು ಇದ್ದುದು ಜಂಬುಕೋಳಿಯ ಮನೆ. ತಾವರೆ ಎಲೆಯ ಮೇಲೆ ದೇವನಹಕ್ಕಿ ಮೊಟ್ಟೆ ಇಡುತ್ತಿತ್ತು. ಅದನ್ನೂ ಬಳಿದು ಟಿಪ್ಪರಿಗೆ ಹಾಕಿದರು. ಸಂಜೆಯಾದರೆ ಹೈಮಾಸ್ಟ್ ದೀಪ. ಬಾತುಗಳು ಮೇಯುವುದು ಹೆಚ್ಚಾಗಿ ರಾತ್ರಿ ಹೊತ್ತು, ಅವು ಕತ್ತಲೆ ಹುಡುಕಿಕೊಂಡು ಹೋದವು.

ಸರಿಯಾಗಿ ಮಾಡುವುದು ಏನು ಬ್ರಹ್ಮವಿದ್ಯೆಯಲ್ಲ. ಆಳ ಬೇಕಾದರೆ ಏರಿಯ ಕಡೆಯ ಅರ್ಧದಲ್ಲಿ ಮಾಡಿ. ಹಿಂದಿನ ಅಂಗಳಕ್ಕೆ ಯಂತ್ರ ಇಳಿಸಬೇಡಿ. ಜೊಂಡಿನ ಒಂದೆರಡು ಮೂಲೆ ಬಿಡಿ. ನಡೆಯುವವರಿಗೆ ಏರಿ ಇದ್ದೇ ಇದೆ, ಹೋಗಿ ವಾಪಸು ಬಂದರೂ ಸಕ್ಕರೆ ಕಾಯಿಲೆಗೆ ಅಷ್ಟೇ ಗುಣ, ಕೆರೆಗೆ ಪ್ರದಕ್ಷಿಣೆ ಹಾಕಲೇಬೇಕೆಂದು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ದೀಪ ಏರಿಯ ಮೇಲಷ್ಟೇ, ಅದೂ ಕೆಳಮುಖವಾಗಿ. ಇದರಲ್ಲಿ ಒಂದೇ ದೊಡ್ಡ ದೋಷವಿದೆ. ಖರ್ಚು ಅರ್ಧಕ್ಕರ್ಧ ಇಳಿದುಬಿಡುತ್ತದೆ. ಅಂಥ ಅಪಾಯಕ್ಕೆ ಯಾರು ತಾನೇ ಕೈಹಾಕುತ್ತಾರೆ?

‘ಕಾನೂನು ಇಲ್ಲವೇ?’ ಅಂತ ಕೇಳುವ ಮುಗ್ಧರಿಗಾಗಿ ಒಂದು ಮಾತು. 2017ರ ಜೌಗು ಪ್ರದೇಶ ಸಂರಕ್ಷಣಾ ನಿಯಮಗಳಿವೆ, ಕೇಂದ್ರ ಸರ್ಕಾರದ್ದು. ಅದರ ವ್ಯಾಖ್ಯೆ ಓದಿದರೆ ಎದೆ ತುಂಬಿ ಬರುತ್ತದೆ. ನೀರಾವರಿಗೆಂದೇ ಮನುಷ್ಯ ಕಟ್ಟಿದ ಕೆರೆ ಜೌಗು ಪ್ರದೇಶವಲ್ಲ. ಕುಡಿಯುವ ನೀರಿಗೆಂದು ಕಟ್ಟಿದ್ದೂ ಅಲ್ಲ. ಗದ್ದೆಯೂ ಅಲ್ಲ. ನಮ್ಮ ಸೀಮೆಯಲ್ಲಿ ನೀರಾವರಿಗೆ ಕಟ್ಟದ ಕೆರೆ ಯಾವುದಿದೆ ಸ್ವಾಮಿ? ಇನ್ನು ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿ ನೋಡಿ. ಕರ್ನಾಟಕದಿಂದ 2022ರಲ್ಲಿ ರಂಗನತಿಟ್ಟು ಸೇರಿತು, 2024ರಲ್ಲಿ ಅಘನಾಶಿನಿ ಅಳಿವೆ, ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ. ಈ ಅಂಕಸಮುದ್ರ ಮತ್ತು ಮಾಗಡಿ ಕೆರೆ ಏನು? ನೀರಾವರಿಗೆ ಕಟ್ಟಿದ ಹಳ್ಳಿ ಕೆರೆಗಳು! ಮಂಗೋಲಿಯಾ, ಟಿಬೆಟ್ಟಿನ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಮಾಗಡಿ ಕೆರೆಗೆ ಸಾವಿರಾರು ಬಂದಿಳಿಯುತ್ತವೆ. 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿರುವ ಹಕ್ಕಿ ಅದು. ಅಷ್ಟೆತ್ತರದಿಂದ ನೋಡಿದರೂ ಅದಕ್ಕೆ ಜೌಗು ಯಾವುದು ಅಂತ ಗೊತ್ತಾಗುತ್ತದೆ. ಗೊತ್ತಾಗದೇ ಇರುವುದು ಕಡತಕ್ಕೆ.

ವಲಸೆ ಹಕ್ಕಿಗಳ ದಿನ ಆಚರಿಸುತ್ತೇವಲ್ಲ ಅನ್ನಬಹುದು. ಆಚರಿಸುತ್ತೇವೆ. ವಿಶ್ವ ವಲಸೆ ಹಕ್ಕಿ ದಿನ ವರ್ಷಕ್ಕೆ ಎರಡು, ಮೇ ಮತ್ತು ಅಕ್ಟೋಬರ್ ತಿಂಗಳ ಎರಡನೇ ಶನಿವಾರ. ಅಕ್ಟೋಬರಿನಲ್ಲಿ ದಸರಾ ಗಡಿಬಿಡಿ, ಸಾಹೇಬರಿಗೆ ಬಿಡುವಿಲ್ಲ. ಮೇ ಅನುಕೂಲ. ಆ ಹೊತ್ತಿಗೆ ಗೊರವ, ಬಾತು, ಸಿಪಿಲೆ ಒಂದೂ ಉಳಿದಿರುವುದಿಲ್ಲ, ಎಲ್ಲ ಊರು ಸೇರಿರುತ್ತವೆ. ಅತಿಥಿ ಹೋದ ಮೇಲೆ ಬಾಗಿಲಿಗೆ ತೋರಣ ಕಟ್ಟಿ ‘ಸುಸ್ವಾಗತ’ ಅಂತ ಭಾಷಣ. ಕೊನೆಗೆ ಪಂಜರದಿಂದ ಬಿಳಿ ಪಾರಿವಾಳ ಹಾರಿಬಿಡುತ್ತಾರೆ. ಸಾಕಿದ ಪಾರಿವಾಳ, ಅರ್ಧ ಗಂಟೆಯಲ್ಲಿ ಬಾಡಿಗೆಗೆ ಕೊಟ್ಟವನ ಗೂಡಿಗೆ ವಾಪಸು. ಅದಕ್ಕೂ ವಲಸೆ ಅನ್ನುವುದಾದರೆ ಅನ್ನಿ.

ಕೆರೆಯ ಗೋಳು ಬಯಲುಸೀಮೆಯದು, ಮಲೆನಾಡಿನಲ್ಲಿ ಹಕ್ಕಿಗೇನು ಕಮ್ಮಿ ಅಂತ ಮೂಡಿಗೆರೆ, ಸಕಲೇಶಪುರದ ರಸ್ತೆಯಲ್ಲಿ ಹೋಗುವವರು ತಿಳಿದಿದ್ದಾರೆ. ತಿಳಿಯಬೇಕಾದ್ದೇ. ಹೋಂಸ್ಟೇ ಬೋರ್ಡುಗಳಲ್ಲಿ ಇರುವಷ್ಟು ಮಂಗಟ್ಟೆ ಹಕ್ಕಿ ಇನ್ನೆಲ್ಲಿದೆ? ಹಳದಿ ಕೊಕ್ಕು, ಕಪ್ಪು ಮೈ, ಕೆಳಗೆ ಫೋನ್ ನಂಬರು. ಒಳಗೆ ಹೋಗಿ ಕಾಫಿ ತೋಟದ ಮರ ನೋಡಿ. ಸೈನ್ಯ ನಿಲ್ಲಿಸಿದ ಹಾಗೆ ಸಿಲ್ವರ್ ಓಕ್, ಆಸ್ಟ್ರೇಲಿಯಾದ ಗಿಡ. ನೇರ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕೆಂದಾಗ ಕಡಿದು ಮಾರಬಹುದು. ಹೂ ಬಿಟ್ಟಾಗ ಸೂರಕ್ಕಿಗೆ ಒಂದಿಷ್ಟು ಮಕರಂದವೂ ಸಿಗುತ್ತದೆ, ಸುಳ್ಳು ಹೇಳಬಾರದು. ಆದರೆ ತಿನ್ನುವ ಹಣ್ಣಿಲ್ಲ, ಹೊಕ್ಕುವ ಪೊಟರೆಯಿಲ್ಲ. ಅತ್ತಿ, ಬಸರಿ, ಗೋಳಿ ಹಾಗಲ್ಲ. ಒಂದು ಮರ ಈ ತಿಂಗಳು ಹಣ್ಣಾದರೆ ಪಕ್ಕದ್ದು ಇನ್ನೊಂದು ತಿಂಗಳು. ಕಾಡಿನಲ್ಲಿ ಬೇರೇನೂ ಸಿಗದ ದಿನಗಳಲ್ಲೂ ಕುಟ್ರ, ಪಿಕಳಾರ, ಹಸಿರು ಪಾರಿವಾಳ, ಮಂಗಟ್ಟೆ ಎಲ್ಲಕ್ಕೂ ಅದೇ ಅನ್ನಛತ್ರ.

ಪ್ಲಾಂಟರುಗಳನ್ನು ಬೈಯುವುದು ಸುಲಭ. ಆದರೆ ಅವರ ಕೈಗೆ ಕತ್ತಿ ಕೊಟ್ಟಿದ್ದು ಯಾರು? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಹೆಸರಲ್ಲೇ ಸಂರಕ್ಷಣೆ ಇದೆ. ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಡ, ವಿನಾಯಿತಿ ಪಟ್ಟಿಯಲ್ಲಿದೆ. ಹೊನ್ನೆಯನ್ನೋ ನಂದಿಯನ್ನೋ ಕಡಿಯಬೇಕಾದರೆ ಅರ್ಜಿ, ಪಹಣಿ, ಸ್ಥಳ ತನಿಖೆ, ಮತ್ತೆ ಅರ್ಜಿ. ಕಾಡುಮರ ಉಳಿಸಲು ಮಾಡಿದ ಈ ವ್ಯವಸ್ಥೆಯಿಂದ ಬೆಳೆಗಾರ ಕಲಿತ ಪಾಠ ಏನು? ಹೊನ್ನೆ ಮೊಣಕಾಲೆತ್ತರ ಇರುವಾಗಲೇ ಕಳೆಯ ಜೊತೆ ಸವರಿಬಿಡುವುದು. ಮರವಾದರೆ ತಾನೇ ಅರ್ಜಿ! ಹೀಗೆ ಮರಗಳನ್ನು ಹುಟ್ಟದಂತೆ ಸಂರಕ್ಷಿಸಲಾಗುತ್ತಿದೆ. ಇದಕ್ಕಿಂತ ಪಕ್ಕಾ ರಕ್ಷಣೆ ಇನ್ನೊಂದಿಲ್ಲ, ಇಲ್ಲದ ಮರವನ್ನು ಕಳ್ಳನೂ ಕಡಿಯಲಾರ.

ಮಂಗಟ್ಟೆಯ ಕಷ್ಟ ಇಲ್ಲಿಗೇ ಮುಗಿಯುವುದಿಲ್ಲ. ದೊಡ್ಡ ಮಂಗಟ್ಟೆಯ ಹೆಣ್ಣು ಬೇಸಿಗೆಯ ಮುಂಚೆಯೇ ಹಳೆಮರದ ಪೊಟರೆ ಹೊಕ್ಕು ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು. ಒಂದೋ ಎರಡೋ ಮೊಟ್ಟೆ. ಒಳಗೆ ಕೂತಾಗ ಹಾರುವ ಗರಿಗಳನ್ನು ಉದುರಿಸಿಕೊಳ್ಳುತ್ತದೆ, ಹೊರಗೆ ಬಂದರೂ ಹಾರಲಾರದು. ನಾಲ್ಕು ತಿಂಗಳ ಹತ್ತಿರ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಒಂದೊಂದಾಗಿ ಕೊಡಬೇಕು, ಗಂಟಲಿನಿಂದ ಒಂದು ಅತ್ತಿಹಣ್ಣು ಮೇಲೆ ತಂದು ಕೊಕ್ಕಿನ ತುದಿಗೆ ಉರುಳಿಸಿ, ಕೊಟ್ಟು, ಮತ್ತೊಂದು. ಗಂಡು ಸತ್ತರೆ ಒಳಗಿನ ಸಂಸಾರ ಉಪವಾಸ. ಮರ ಬಿದ್ದರೆ ಎಲ್ಲಾ ಒಟ್ಟಿಗೆ. ಮತ್ತು ನಮ್ಮ ತೋಟಗಳಲ್ಲಿ ಮರಗಸಿ, ಅಂದರೆ ನೆರಳುಮರದ ಕೊಂಬೆ ಸವರುವ ಕೆಲಸ, ನಡೆಯುವುದು ಯಾವಾಗ? ಕಾಫಿ ಹೂ ಅರಳಿಸುವ ಹೂಮಳೆ ಆದಮೇಲೆ, ಮುಂಗಾರಿಗೆ ಮೊದಲು, ಮರಿ ಪೊಟರೆಯೊಳಗಿರುವಾಗಲೇ. ಟೊಳ್ಳು ಮರ ಕಾಟೇಜಿನ ಮೇಲೆ ಬಿದ್ದೀತು ಅಂತ ಮೊದಲು ಉರುಳಿಸುವುದೂ ಅದನ್ನೇ. ಬಿದ್ದ ಮರದ ದಿಮ್ಮಿಯಿಂದ ಕಾಟೇಜಿಗೆ ಬೆಂಚು, ಬೆಂಚಿನ ಹಿಂದೆ ಗೋಡೆಯ ಮೇಲೆ ಮಂಗಟ್ಟೆಯ ಚಿತ್ರ.

ಫೋಟೊಗ್ರಾಫರುಗಳು ‘ನಾವು ಬರೇ ಕ್ಯಾಮೆರಾದಲ್ಲಿ ಹಿಡಿಯುವವರು’ ಅಂತ ಈ ಕಡೆ ತಿರುಗಿ ನಗುತ್ತಿದ್ದರೆ, ಸ್ವಲ್ಪ ಇರಿ. ನವರಂಗ ಹಕ್ಕಿಯ ಕೂಗನ್ನು ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿ ಅದನ್ನು ಕರೆಸುವವರು ನೀವೇ ತಾನೆ? ಚಳಿಗಾಲ ಕಳೆಯಲು ಉತ್ತರದಿಂದ ಬಂದ ಹಕ್ಕಿ ಎಲೆ ಕೆದರಿ ಹುಳ ಹುಡುಕುವುದು ಬಿಟ್ಟು, ಇಲ್ಲದ ಎದುರಾಳಿಯನ್ನು ಹುಡುಕುತ್ತಾ ಪೊದೆಯಿಂದ ಪೊದೆಗೆ ಓಡುತ್ತದೆ. ನಿಮಗೆ ಮುನ್ನೂರು ಲೈಕು.

ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರಿಳಿದಾಗ ಬೋಳು ದ್ವೀಪಗಳು ತಲೆ ಎತ್ತುತ್ತವೆ. ರೀವ ಹಕ್ಕಿಗಳು ಅಲ್ಲಿ ಗೂಡೂ ಕಟ್ಟದೆ, ಜಲ್ಲಿಯ ನಡುವೆ ಅಂಗೈಯಷ್ಟು ಕುಳಿ ಮಾಡಿ ಎರಡೋ ಮೂರೋ ಮೊಟ್ಟೆ ಇಡುತ್ತವೆ. ಏಪ್ರಿಲ್ ಬಿಸಿಲಿಗೆ ಆ ಜಲ್ಲಿ ಬಾಣಲೆ. ತಾಯಿ ಹೊಟ್ಟೆಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ, ಕಾವಿಗಲ್ಲ, ನೆರಳಿಗೆ. ದೋಣಿ ದಂಡೆಗೆ ಹತ್ತಿರ ಬಂದರೆ ಏಳುತ್ತದೆ. ಎದ್ದಷ್ಟು ಹೊತ್ತು ಮೊಟ್ಟೆ ಬೇಯುತ್ತದೆ. ಅದಕ್ಕೆ ದೂರ ನಿಲ್ಲಿ ಅನ್ನುವುದು. ಹಿನ್ನೀರು ಕಂಡಲ್ಲೆಲ್ಲ ‘ಇನ್ನೂ ಹತ್ತಿರ ಹೋಗಣ್ಣ, ಸೆಲ್ಫಿ ಬರಲ್ಲ’ ಅಂತ ದೋಣಿಯವನಿಗೆ ನೂರು ರೂಪಾಯಿ ತುರುಕುವವರಿಗೆ ಇದನ್ನು ಎಷ್ಟು ಸಲ ಹೇಳಬೇಕು? ವರ್ಷಾವರ್ಷ ಹೇಳಿ, ಬೋರ್ಡು ಹಾಕಿ, ಬೋರ್ಡಿನ ಮುಂದೆಯೇ ಅವರು ಫೋಟೊ ತೆಗೆಸಿಕೊಂಡು ಹೋಗುವುದನ್ನು ನೋಡಿ ಸಾಕಾಗಿದೆ. ವ್ಯಂಗ್ಯವೂ ಬೇಡ, ಏನೂ ಬೇಡ. ಒಂದು ಮೊಟ್ಟೆಯಿಂದ ಇನ್ನೂರು ಅಡಿ ದೂರ ನಿಲ್ಲಲು ಆಗದವರು ಹಕ್ಕಿ ಪ್ರೀತಿ ಅಂತ ಬಾಯಿ ತೆರೆಯಬಾರದು. ಮೂರು ಸೆಂಟಿಮೀಟರ್ ಕೆಸರು ಉಳಿಸಲಾಗದ ಊರು ಅಷ್ಟು ದುಡ್ಡು ಸುರಿದು ಕೆರೆ ಉದ್ಧಾರ ಮಾಡಿದೆವು ಅಂತ ಕಲ್ಲು ನೆಡಬಾರದು.

ಅಂದಹಾಗೆ ಆ ಉದ್ಘಾಟನೆಯ ಕಲ್ಲು ಚೆನ್ನಾಗಿದೆ, ಗ್ರಾನೈಟು, ಹದಿನಾರು ಹೆಸರು. ಬೆಳಗಿನ ವಾಕಿಂಗಿನವರಿಗೆ ಈಗ ಅದರ ಮೇಲೆ ಒಂದು ಬೂದು ಸಿಪಿಲೆ ಕೂತು ಬಾಲ ಆಡಿಸುವುದು ಕಾಣಿಸುತ್ತದಂತೆ. ಸಿಪಿಲೆಗೆ ಇಂಟರ್‌ಲಾಕಿನ ಮೇಲೆ ಓಡಾಡಲೂ ಬರುತ್ತದೆ, ಅದು ಹೇಗೋ ಬದುಕಿಕೊಳ್ಳುವ ಹಕ್ಕಿ. ಸಿಮೆಂಟು ಕೊಕ್ಕರೆಗಳಲ್ಲಿ ಒಂದರ ಕಾಲು ಮಾತ್ರ ಆಗಲೇ ಮುರಿದಿದೆ, ಒಳಗಿನ ಕಂಬಿ ಕಾಣುತ್ತಿದೆ. ಆರು ಎಂಎಂ. ಎಸ್ಟಿಮೇಟಿನಲ್ಲಿ ಎಂಟಿತ್ತು.